ಮರುಭೂಮಿಯ ಒಂಟಿ ಸವಾರ

ಬೈಸಿಕಲ್ಲು ನಮಗೆಲ್ಲ ಚಿರಪರಿಚಿತವಾದ ವಾಹನ. ಹಾಲು ಹಂಚುವವರು, ಅಂಚೆಯವರು, ಶಾಲೆಗೆ ಹೋಗುವ ಹುಡುಗ ಹುಡುಗಿಯರು ಅದನ್ನು ಪ್ರತಿನಿತ್ಯ ಬಳಸುತ್ತಾರೆ. ದಾರಿಯಲ್ಲಿ ಚಕ್ರಕ್ಕೆ ಮುಳ್ಳು ಚುಚ್ಚಿದರೆ ಮುಂದಿನ ಊರಿನವರೆಗೆ ತಳ್ಳಿಕೊಂಡು ಹೋದರಾಯಿತು; ಬಾಯಾರಿದರೆ ಯಾವುದಾದರೊಂದು ಮನೆಯ ಮುಂದೆ ನಿಂತು ನೀರು ಕೇಳಿದರಾಯಿತು. ಆದ್ದರಿಂದಲೇ ಸೈಕಲ್ ಸವಾರಿಯಲ್ಲಿ ಪ್ರಾಣದ ಪ್ರಶ್ನೆ ಅಡಗಿದೆಯೆಂದು ನಮಗೆ ತೋರುವುದಿಲ್ಲ. ಆದರೆ ಮುಂದಿನ ಊರು ನೂರು ಕಿಲೋಮೀಟರ್ ದೂರದಲ್ಲಿರುವ, ನಡುವೆ ಒಂದು ಮನೆಯಾಗಲಿ ಹೊಳೆಯಾಗಲಿ ಇಲ್ಲದ ನಾಡನ್ನು ಕಲ್ಪಿಸಿಕೊಳ್ಳಿ. ಅಂಥ ನಾಡಿನ ಮಣ್ಣುಹಾದಿಯಲ್ಲಿ, ಸುಡುವ ಬಿಸಿಲಿನಲ್ಲಿ, ಒಬ್ಬನೇ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿದುಕೊಂಡು ಹೋಗುವುದು ಸಾಧ್ಯವೆ? ಸಾಧ್ಯವಾದರೆ ಅವನು ನೆಚ್ಚಬಹುದಾದದ್ದು ಯಾವುದನ್ನು? ತನ್ನ ತೋಳ್ಬಲವನ್ನೆ, ತನ್ನ ಬುದ್ಧಿಯನ್ನೆ, ಅಥವಾ ಬೇರೊಂದನ್ನೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ಆಸ್ಟ್ರೇಲಿಯ ಖಂಡದ ಪಶ್ಚಿಮ ಭಾಗಕ್ಕೆ ಹೋಗಬೇಕು. ಅಲ್ಲಿಯ ಪರ್ತ್ ನಗರದಿಂದ ಪೂರ್ವಕ್ಕೆ ಸುಮಾರು 550 ಕಿಲೋಮೀಟರ್ ದೂರದಲ್ಲಿ ಕೂಲ್ಗಾರ್ಡಿ ಎಂಬ ಊರಿದೆ. 1892ರಲ್ಲಿ ಅಲ್ಲಿ ಚಿನ್ನ ದೊರೆಯಿತು. ಮರುವರ್ಷವೇ ಅದಕ್ಕೆ ಸಮೀಪದ ಕಾಲ್ಗೂರ್ಲಿಯಲ್ಲಿಯೂ ಚಿನ್ನ ಕಂಡುಬಂದಿತು. ಈ ಸುದ್ದಿ ಹರಡಿದೊಡನೆ ಸಹಸ್ರಾರು ಜನ ಹಾರೆ ಗುದ್ದಲಿಗಳನ್ನು ಹೊತ್ತು ಆ ಕಡೆಗೆ ಧಾವಿಸಿದರು. ಆದರೆ ಭೂಮಿತಾಯಿ ಅಲ್ಲಿ ಚಿನ್ನವನ್ನು ಕೊಟ್ಟು ನೀರನ್ನು ಬಚ್ಚಿಟ್ಟುಕೊಂಡಿದ್ದಳು.

ಮರುಭೂಮಿಯೆಂದೊಡನೆ ನಮ್ಮ ಕಣ್ಣ ಮುಂದೆ ಮರಳಿನ ದಿಬ್ಬಗಳು ಮೂಡುತ್ತವೆ. ಆದರೆ ಎಲ್ಲ ಮರುಭೂಮಿಯೂ ಮರಳುಗಾಡಲ್ಲ. ಚಿನ್ನದ ಆ ನಾಡು ಮರುಭೂಮಿಯ ಅಂಚಿನಲ್ಲಿದೆ. ಅಲ್ಲಿಯ ನೆಲ ಕೆಂಪು ಮಣ್ಣಿನದು. ಜಾಲಿಯ ಜಾತಿಗೆ ಸೇರಿದ ಮಲ್ಗಾ ಎಂಬ ಕುರುಚಲು ಮರಗಳೂ, ನೀಲಗಿರಿಯ ಕುಲಕ್ಕೆ ಸೇರಿದ ಮರಗಳೂ ಅಲ್ಲಲ್ಲಿ ಬೆಳೆಯುತ್ತವೆ. ವರ್ಷಕ್ಕೆ ಸುಮಾರು 25 ಸೆಂಟಿಮೀಟರ್ ಮಳೆ ಬೀಳುತ್ತದೆ, ಅದೂ ನಂಬಿಕೆಯಿಡುವಂಥದಲ್ಲ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ದೂರದಿಂದ ಸರೋವರದಂತೆ ತೋರುವ ಬಯಲುಗಳನ್ನು ಸಮೀಪಿಸಿದರೆ ಒಣಗಿದ ಉಪ್ಪಿನ ಹೆಪ್ಪು ಕಾಣಿಸುತ್ತದೆ. ಗಣಿಗಾರರು ಉಪ್ಪುನೀರನ್ನು ಕಟ್ಟಿಗೆಯ ಬೆಂಕಿಯಲ್ಲಿ ಕಾಯಿಸಿ, ಅದರ ಆವಿಯನ್ನು ತಣಿಸಿ, ಹಾಗೆ ಬಂದ ಸಿಹಿನೀರನ್ನು ಹಣ ತೆತ್ತು ಕೊಂಡು ಕುಡಿಯಬೇಕಾಗಿತ್ತು. 1893ರಲ್ಲಿ ಕೂಲ್ಗಾರ್ಡಿಯ ಉತ್ತರದಲ್ಲಿ, ವಿನೋದಕ್ಕಾಗಿ ಸೈಬೀರಿಯ ಎಂದು ಹೆಸರಿಟ್ಟಿದ್ದ ಒಂದು ಎಡೆಯಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ ನೂರಾರು ಮಂದಿ ನೀರಿನ ವ್ಯವಸ್ಥೆಯಿಲ್ಲದೆಯೇ ಹೊರಟರು. ಅವರಲ್ಲಿ ಅನೇಕರು ಬಾಯಾರಿಕೆಯಿಂದ ದಾರಿಯಲ್ಲಿಯೇ ಅಸುನೀಗಿದರು. ಚಿನ್ನದ ಆಸೆಗೆ ಅವರು ತೆತ್ತ ಬೆಲೆ ಅದು.

ಇಂಥ ನಾಡಿನಲ್ಲಿ ಸಂಚಾರಕ್ಕೆ ಯಾವ ವಾಹನ ತಕ್ಕದ್ದು? ಕುದುರೆ ಶೀಘ್ರಗಾಮಿ, ನಿಜ. ಆದರೆ ಬಿಸಿಲಿನಲ್ಲಿ ದುಡಿಯುವ ಕುದುರೆಗೆ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕು, ಮೇವೂ ಬೇಕು. ಒಂಟೆ ಅನೇಕ ದಿನ ನೀರಿಲ್ಲದೆ ನಡೆಯಬಲ್ಲದು, ಭಾರವನ್ನೂ ಹೊರಬಲ್ಲದು. ಆದರೆ ಅದರ ನಡಿಗೆ ನಿಧಾನ. ಸೈಕಲ್ಲಾದರೋ ನೀರು ಕೇಳುವುದಿಲ್ಲ, ಹುಲ್ಲು ಕೇಳುವುದಿಲ್ಲ, ರಾತ್ರಿ ಕಟ್ಟಿಹಾಕದಿದ್ದರೆ ಓಡಿಹೋಗುವುದೂ ಇಲ್ಲ. ಅದೃಷ್ಟವಶಾತ್ ಅದು ಸೈಕಲ್ಲು ಪರಿಪೂರ್ಣತೆಯನ್ನು ಪಡೆಯುತ್ತಿದ್ದ ಕಾಲ. ಎರಡು ಚಕ್ರಗಳೂ ಸಮನಾಗಿದ್ದು ಸರಪಳಿಯಿಂದ ಹಿಂದಿನ ಚಕ್ರ ತಿರುಗುವ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಜನಪ್ರಿಯಗೊಳಿಸಿದ್ದನು. ಗಾಳಿ ತುಂಬಿದ ರಬ್ಬರಿನ ಟೈರನ್ನು ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬಳಕೆಗೆ ತಂದನು. ಹೀಗೆ ಯೂರೋಪಿನ ನಗರಗಳಲ್ಲಿ ವಿಹಾರಕ್ಕೆಂದು ಬಳಸುತ್ತಿದ್ದ ವಾಹನ ಕೆಲವೇ ವರ್ಷಗಳಲ್ಲಿ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಅನಿವಾರ್ಯವಾದ ಸಾಧನವಾಯಿತು. ಗಣಿಯ ಬಿಡಾರದಿಂದ ಬಿಡಾರಕ್ಕೆ ಕಾಗದಪತ್ರಗಳನ್ನೂ ತಂತಿ ಸಂದೇಶಗಳನ್ನೂ ಒಯ್ಯುವುದಕ್ಕೆ ಸೈಕಲ್ ದೂತರ ಏರ್ಪಾಡಾಯಿತು. ಈ ಖಾಸಗಿ ಅಂಚೆಯವರು ತಮ್ಮದೇ ಅಂಚೆಚೀಟಿಗಳನ್ನು ಮುದ್ರಿಸಿಕೊಂಡದ್ದೂ ಉಂಟು.

ಅಂದಿನ ಸೈಕಲ್ ದೂತನ ಒಂದು ದಿನವನ್ನು ಈಗ ನಾವು ಮನಸ್ಸಿನಲ್ಲಿಯೇ ಹಿಂಬಾಲಿಸೋಣ. ದಕ್ಷಿಣಾರ್ಧ ಗೋಳದಲ್ಲಿ ಡಿಸೆಂಬರ್ ತಿಂಗಳೆಂದರೆ ಬೇಸಿಗೆ. ನಡುಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಅಲ್ಲಿ ಅಪರೂಪವೇನಲ್ಲ. ಆದ್ದರಿಂದ ಸವಾರನು ನಕ್ಷತ್ರಗಳು ಮಾಸುವ ಮುನ್ನವೇ ಎದ್ದು ಸಿದ್ಧನಾಗುತ್ತಾನೆ. ಮೊದಲು ಅವನು ಸೈಕಲ್ಲನ್ನು ಪರೀಕ್ಷಿಸುತ್ತಾನೆ. ಟೈರುಗಳಲ್ಲಿ ಗಾಳಿ ಸರಿಯಾಗಿದೆಯೆ? ಸರಪಳಿಯಲ್ಲಿ ಧೂಳು ಸೇರಿದೆಯೆ? ಗಾಳಿ ಹೊಡೆಯುವ ಪಂಪು, ತೇಪೆಯ ರಬ್ಬರು, ಅಂಟು, ಬಿಗಿಯುವ ಸಾಧನ, ಬೆಂಕಿಪೊಟ್ಟಣ, ಒಂದಿಷ್ಟು ರೊಟ್ಟಿ, ಒಂದು ಹೊದಿಕೆ, ಇವಿಷ್ಟೇ ಅವನ ಗಂಟು. ಬೇಡದ ಭಾರ ಒಂದು ಸೇರಿದರೂ ದಾರಿಯುದ್ದಕ್ಕೂ ಅದನ್ನು ಕಾಲುಗಳೇ ಎಳೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ನೀರಿನ ಲೆಕ್ಕ. ನೀರನ್ನು ದಪ್ಪ ಬಟ್ಟೆಯ ಚೀಲದಲ್ಲಿ ತುಂಬಿ ಸೈಕಲ್ಲಿಗೆ ತೂಗುಹಾಕುತ್ತಿದ್ದರು. ಬಟ್ಟೆಯ ಎಳೆಗಳ ಮೂಲಕ ನೀರು ಸ್ವಲ್ಪಸ್ವಲ್ಪವಾಗಿ ಒಸರಿ, ಗಾಳಿಗೆ ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಡುತ್ತದೆ. ನಮ್ಮ ಮನೆಗಳ ಮಣ್ಣಿನ ಹೂಜಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ಚೀಲದಲ್ಲಿ ಹಿಡಿಯುವುದು ನಾಲ್ಕೂವರೆ ಲೀಟರ್ ಎಂದಿಟ್ಟುಕೊಳ್ಳಿ. ಮಣ್ಣುಹಾದಿಯಲ್ಲಿ ಗಂಟೆಗೆ 12 ಕಿಲೋಮೀಟರಿನಂತೆ ಸಾಗಿದರೆ ನೂರು ಕಿಲೋಮೀಟರ್ ಕ್ರಮಿಸಲು ಎಂಟು ಗಂಟೆಗಿಂತ ಹೆಚ್ಚು ಕಾಲ ಬೇಕು. ಬಿಸಿಲಿನಲ್ಲಿ ದೇಹಶ್ರಮ ಮಾಡುವ ಮನುಷ್ಯನಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೊರಹೋಗಬಲ್ಲದು. ಹಾಗಾದರೆ ಎಂಟು ಲೀಟರ್ ವೆಚ್ಚಕ್ಕೆ ನಾಲ್ಕೂವರೆ ಲೀಟರ್ ಆದಾಯ! ಈ ಕೊರತೆಯನ್ನು ಶೌರ್ಯ ತುಂಬಿಕೊಡಲಾರದು. ಬಿಸಿಲೇರುವ ಹೊತ್ತಿನಲ್ಲಿ ಸವಾರಿಯನ್ನು ನಿಲ್ಲಿಸಿ ವೆಚ್ಚವನ್ನು ತಗ್ಗಿಸಬೇಕು. ನಡುದಾರಿಯಲ್ಲಿ ನೀರಿರುವ ಒಂದು ಎಡೆಯನ್ನು ತಿಳಿದಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಮರುಭೂಮಿಯಲ್ಲಿ ಪ್ರಾಣರಕ್ಷಣೆಯ ಸೂತ್ರವಾಗುತ್ತದೆ.

ಪೂರ್ವದಲ್ಲಿ ಬೆಳಕು ಹರಿಯುವ ಹೊತ್ತಿಗೆ ಸವಾರನು ಊರನ್ನು ಬಿಟ್ಟು ಬಹುದೂರ ಬಂದಿರುತ್ತಾನೆ. ಗಾಳಿ ಇನ್ನೂ ತಂಪಾಗಿದೆ. ಚಕ್ರಗಳು ಸರಾಗವಾಗಿ ಉರುಳುತ್ತಿವೆ. ಇಷ್ಟು ನುಣುಪಾದ ಹಾದಿ ಈ ಕಾಡುಬಯಲಿನಲ್ಲಿ ಎಲ್ಲಿಂದ ಬಂತು? ಅದನ್ನು ಯಾವ ಸರ್ಕಾರವೂ ಕಟ್ಟಿಸಲಿಲ್ಲ. ಒಂಟೆಗಳ ಪಾದಗಳು ಅದನ್ನು ನಿರ್ಮಿಸಿದವು. ಕುದುರೆಯ ಗೊರಸು ನೆಲವನ್ನು ಕೆದಕುತ್ತದೆ. ಒಂಟೆಯ ಪಾದವಾದರೋ ಅಗಲವಾಗಿ ಮೆತ್ತಗಿರುವುದರಿಂದ ಮಣ್ಣನ್ನು ಒತ್ತಿ ಗಟ್ಟಿಮಾಡುತ್ತದೆ. ಸಾಲಾಗಿ ನಡೆಯುವ ನೂರಾರು ಒಂಟೆಗಳು ತುಳಿದು ತುಳಿದು ಸಮಮಾಡಿದ ಕಿರಿದಾದ ಪಟ್ಟಿಯೇ ಸೈಕಲ್ ಸವಾರನ ರಾಜಮಾರ್ಗ.

ಆ ಒಂಟೆಗಳನ್ನು ನಡೆಸುತ್ತಿದ್ದವರು ಯಾರು? ಆಸ್ಟ್ರೇಲಿಯದವರು ಅವರನ್ನೆಲ್ಲ ಒಟ್ಟಾಗಿ ಆಫ್ಘನ್ನರೆಂದು ಕರೆಯುತ್ತಿದ್ದರು. ನಿಜಕ್ಕೆ ಅವರಲ್ಲಿ ಆಫ್ಘಾನಿಸ್ತಾನದವರಲ್ಲದೆ ಬಲೂಚಿಸ್ತಾನ, ಸಿಂಧ್, ಪಂಜಾಬ್ ಮೊದಲಾದ ಪ್ರಾಂತಗಳವರೂ ಇದ್ದರು. ಎಂದರೆ ಅಂದಿನ ಅವಿಭಕ್ತ ಭಾರತದ ಜನರೂ ಇದ್ದರು. 1860ರ ದಶಕದಿಂದ ಅವರು ತಮ್ಮ ಒಂಟೆಗಳೊಡನೆ ಹಡಗುಗಳಲ್ಲಿ ಬಂದು, ಆ ಖಂಡದ ಒಳನಾಡಿಗೆ ಹಿಟ್ಟು, ನೀರು, ತಂತಿಕಂಬ, ಗಣಿಯ ಸಲಕರಣೆಗಳನ್ನು ಹೊತ್ತು ಸಾಗಿಸಿದರು. ಇಷ್ಟು ಮಾಡಿದರೂ, ಏಷ್ಯದವರೆಂಬ ಕಾರಣದಿಂದ ಪಶ್ಚಿಮ ಆಸ್ಟ್ರೇಲಿಯದಲ್ಲಿ ಚಿನ್ನ ಅಗೆಯುವ ಪರವಾನಗಿಯನ್ನು ಕಾನೂನು ಅವರಿಗೆ ನಿರಾಕರಿಸಿತ್ತು. ಚಿನ್ನದ ನಾಡಿಗೆ ಅನ್ನನೀರು ತಂದವರಿಗೆ ಚಿನ್ನದಲ್ಲಿ ಪಾಲಿರಲಿಲ್ಲ. ಅವರು ಬಿಟ್ಟುಹೋದ ಹಾದಿಯ ಮೇಲೆ ಮಾತ್ರ ಎಲ್ಲರೂ ನಡೆದರು.

ಹೊತ್ತು ಏರುತ್ತದೆ. ಗಟ್ಟಿ ಹಾದಿ ಮುಗಿದು ಸಡಿಲ ಮರಳು ಬರುತ್ತದೆ. ಮುಂದಿನ ಚಕ್ರ ಹೂತು ಅತ್ತಿತ್ತ ವಾಲುತ್ತದೆ. ಹಟದಿಂದ ತುಳಿದರೆ ಬೆವರು ವ್ಯರ್ಥ. ಅನುಭವಿಯಾದ ಸವಾರ ಇಳಿದು ತಳ್ಳಿಕೊಂಡು ಹೋಗುತ್ತಾನೆ. ಅದರಲ್ಲಿ ಅವಮಾನವೇನೂ ಇಲ್ಲ. ಮತ್ತೆ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರು ಮುಳ್ಳಿಗೆ ಸಿಕ್ಕಿ ಗಾಳಿ ಹೋಗುತ್ತದೆ. ನಮ್ಮ ಹೊಲಗಳ ನೆಗ್ಗಿಲು ಮುಳ್ಳು ಬರಿಗಾಲಿನಲ್ಲಿ ನಡೆದವರಿಗೆಲ್ಲ ಗೊತ್ತು. ಅಲ್ಲಿಯೂ ಅಂಥ ಮುಳ್ಳುಗಳುಂಟು. ಸವಾರನು ಅವಸರಪಡದೆ ಕುಳಿತು ಟ್ಯೂಬನ್ನು ಹೊರತೆಗೆದು, ರಂಧ್ರವನ್ನು ಹುಡುಕಿ ತೇಪೆ ಹಾಕುತ್ತಾನೆ. ಟ್ಯೂಬು ದುರಸ್ತಿಯಾಗದಷ್ಟು ಹರಿದುಹೋದಾಗ ಟೈರಿನೊಳಗೆ ಹುಲ್ಲನ್ನು ಬಿಗಿಯಾಗಿ ತುರುಕಿ ಊರು ಸೇರಿದವರುಂಟು.

ನಡುಹಗಲಾಗುತ್ತಿದ್ದಂತೆ ದೂರದಲ್ಲಿ ಒಂದು ಕೆರೆ ಥಳಥಳಿಸುತ್ತದೆ. ದಡದ ಮರಗಳ ನೆರಳು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿರುವಂತೆ ತೋರುತ್ತದೆ. ಸವಾರ ಮುಂದೆ ಹೋದಷ್ಟೂ ಕೆರೆ ಹಿಂದೆ ಸರಿಯುತ್ತದೆ. ಇದನ್ನು ಕನ್ನಡಿಗರು ಬಿಸಿಲ್ಗುದುರೆಯೆಂದು ಕರೆದಿದ್ದಾರೆ. ಎಂಥ ಅರ್ಥವತ್ತಾದ ಮಾತು! ಅಟ್ಟಿಸಿಕೊಂಡು ಹೋದವನಿಗೆ ಎಂದೂ ಕೈಗೆ ಸಿಗದ ಕುದುರೆ ಅದು. ಕಾದ ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ವಿರಳವಾಗುತ್ತದೆ. ಮೇಲಿನ ಗಾಳಿ ಅದಕ್ಕಿಂತ ಸಾಂದ್ರವಾಗಿರುತ್ತದೆ. ಇವುಗಳ ಮೂಲಕ ಇಳಿದುಬರುವ ಆಕಾಶದ ಬೆಳಕು ನೆಲದ ಬಳಿ ಬಾಗಿ ಮೇಲೆದ್ದು ನಮ್ಮ ಕಣ್ಣನ್ನು ಸೇರುತ್ತದೆ. ನೆಲದ ಮೇಲೆ ಕಂಡ ಆ ಆಕಾಶದ ತುಣುಕನ್ನು ಮನಸ್ಸು ನೀರೆಂದು ಭ್ರಮಿಸುತ್ತದೆ. ಇದನ್ನು ಬಲ್ಲವನು ತಾನು ಹಿಡಿದ ಹಾದಿಯನ್ನು ಬಿಡುವುದಿಲ್ಲ. ಬಾಯಾರಿದವನ ಕಣ್ಣು ಸುಳ್ಳು ಹೇಳುವ ಸ್ಥಳದಲ್ಲಿ ತಿಳಿವಳಿಕೆಯೊಂದೇ ನಿಜ ಹೇಳುತ್ತದೆ.

ಈಗ ಸವಾರನು ಮಲ್ಗಾ ಮರದ ಅರೆನೆರಳಿನಲ್ಲಿ ಕುಳಿತು ಬಿಸಿಲು ಇಳಿಯುವುದನ್ನು ಕಾಯುತ್ತಾನೆ. ಜನವಿಲ್ಲದ ಈ ನೆಲ ಜೀವವಿಲ್ಲದ ನೆಲವಲ್ಲ. ಅಲ್ಲಿ ಮೈತುಂಬ ಮುಳ್ಳುಗಳುಳ್ಳ ಒಂದು ಬಗೆಯ ಹಲ್ಲಿಯಿದೆ. ಅದರ ಚರ್ಮದ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾದ ಕಾಲುವೆಗಳಿವೆ. ಒದ್ದೆ ಮರಳಿನ ಮೇಲೆ ನಿಂತರೆ ಸಾಕು, ತೇವವು ಆ ಕಾಲುವೆಗಳಲ್ಲಿ ತಾನಾಗಿಯೇ ಏರಿ ಅದರ ಬಾಯಿಯನ್ನು ತಲಪುತ್ತದೆ. ಅಂಗೈಯಗಲದ ಪ್ರಾಣಿಗೆ ಪ್ರಕೃತಿ ಕೊಟ್ಟ ಈ ಸೌಕರ್ಯ ಮನುಷ್ಯನಿಗಿಲ್ಲ. ಅವನು ನೀರನ್ನು ಹುಡುಕಿಯೇ ತೀರಬೇಕು.

ಹುಡುಕುವುದಾದರೂ ಎಲ್ಲಿ? ಆ ನಾಡಿನ ಮೂಲನಿವಾಸಿಗಳಿಗೆ ಅದು ಸಾವಿರಾರು ವರ್ಷಗಳಿಂದ ತಿಳಿದಿತ್ತು. ನೆಲದಿಂದ ಎದ್ದಿರುವ ಹೆಬ್ಬಂಡೆಗಳಲ್ಲಿ ಅಲ್ಲಲ್ಲಿ ಬಾಯಿ ಕಿರಿದಾದ ಕುಳಿಗಳಿವೆ. ಮಳೆ ಬಂದಾಗ ಬಂಡೆಯ ಮೇಲೆ ಹರಿದ ನೀರು ಅವುಗಳಲ್ಲಿ ಸೇರುತ್ತದೆ. ಆ ನೀರು ಬಿಸಿಲಿಗೆ ಆರಿಹೋಗದಂತೆ, ಪ್ರಾಣಿಗಳು ಬಿದ್ದು ಕೆಡದಂತೆ, ಅವರು ಕುಳಿಯ ಬಾಯಿಗೆ ಚಪ್ಪಟೆ ಕಲ್ಲನ್ನು ಮುಚ್ಚಿಡುತ್ತಿದ್ದರು. ಯಾವ ಬಂಡೆಯಲ್ಲಿ ಎಷ್ಟು ನೀರು, ಅದು ಎಷ್ಟು ದಿನ ಉಳಿದೀತು ಎಂಬ ಜ್ಞಾನ ತಂದೆತಾಯಿಗಳಿಂದ ಮಕ್ಕಳಿಗೆ ಬರುತ್ತಿತ್ತು. 1860ರ ದಶಕದಲ್ಲಿ ಚಾರ್ಲ್ಸ್ ಹಂಟ್ ಎಂಬಾತನ ತಂಡ ಈ ಪ್ರದೇಶಕ್ಕೆ ಬಂದು ಅನೇಕ ಬಾವಿಗಳನ್ನು ಕಲ್ಲಿನಿಂದ ಕಟ್ಟಿತು. ಆ ಕೆಲಸಕ್ಕೂ ಮೂಲನಿವಾಸಿಗಳ ಮಾರ್ಗದರ್ಶನವಿತ್ತು. ಮುಂದೆ ಚಿನ್ನ ಅರಸಿ ಬಂದವರು ಈ ಬಾವಿಗಳ ಸಾಲನ್ನೇ ಹಿಡಿದು ನಡೆದರು. ಆದರೆ ಈ ಜ್ಞಾನವನ್ನು ಎಲ್ಲರೂ ವಿನಯದಿಂದ ಕೇಳಿ ಪಡೆಯಲಿಲ್ಲ. ಮೂಲನಿವಾಸಿಗಳನ್ನು ಬಲಾತ್ಕಾರದಿಂದ ಹಿಡಿದು, ಅವರಿಗೆ ಉಪ್ಪು ಮಾಂಸವನ್ನು ತಿನ್ನಿಸಿ, ಬಾಯಾರಿಕೆಯಿಂದ ನೀರಿನೆಡೆಗೆ ಓಡುವಂತೆ ಮಾಡಿ ಅದರ ನೆಲೆಯನ್ನು ತಿಳಿದುಕೊಂಡ ಅನ್ವೇಷಕರೂ ಇದ್ದರು. ಇದು ಆ ಸಾಹಸಗಳ ಇತಿಹಾಸಕ್ಕೆ ಅಂಟಿದ ಕಳಂಕ.

ಇಳಿಹೊತ್ತಿನಲ್ಲಿ ಸವಾರನು ಅಂಥ ಒಂದು ಕುಳಿಯ ಬಳಿ ಬಂದು, ಕಲ್ಲನ್ನು ಸರಿಸಿ, ಬೇಕಾದಷ್ಟೇ ನೀರನ್ನು ತುಂಬಿಕೊಂಡು ಮುಂದೆ ಸಾಗುತ್ತಾನೆ. ಸೂರ್ಯ ಮುಳುಗುತ್ತಾನೆ. ಕೆಂಪು ನೆಲ ಮತ್ತಷ್ಟು ಕೆಂಪಾಗಿ, ಕ್ಷಣದಲ್ಲಿ ನಸುಗಪ್ಪಾಗುತ್ತದೆ. ದೂರದಲ್ಲಿ ಒಂಟೆಗಳ ಕೊರಳ ಗಂಟೆಗಳ ಸದ್ದು. ಅದರ ಹಿಂದೆಯೇ ಗಣಿಯ ಬಿಡಾರದ ಬೆಂಕಿಯ ಬೆಳಕು. ಅವನ ಚೀಲದಲ್ಲಿದ್ದ ಕಾಗದಗಳಿಗಾಗಿ ಅಲ್ಲಿ ಎಷ್ಟೋ ಮಂದಿ ಕಾದಿದ್ದಾರೆ. ಒಬ್ಬನಿಗೆ ತಾಯಿಯ ಆರೋಗ್ಯದ ಸುದ್ದಿ ಬಂದಿರಬಹುದು. ಮತ್ತೊಬ್ಬನಿಗೆ ಮಗು ಹುಟ್ಟಿದ ವಾರ್ತೆ ಬಂದಿರಬಹುದು. ಅವನ ಇಡೀ ದಿನದ ಏಕಾಂತಕ್ಕೆ ಅರ್ಥ ಬರುವುದು ಆ ಬೆಳಕಿನ ಸುತ್ತ.

ಇಂಥ ದಿನಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದ ಮಹಾಸಾಹಸಿಗಳೂ ಆ ಕಾಲದಲ್ಲಿ ಇದ್ದರು. ಅವರಲ್ಲಿ ಆರ್ಥರ್ ರಿಚರ್ಡ್‌ಸನ್ ಅಗ್ರಗಣ್ಯನು. 1896ರ ನವೆಂಬರ್ ತಿಂಗಳಿನಲ್ಲಿ ಅವನು ಕೂಲ್ಗಾರ್ಡಿಯಿಂದ ಏಕಾಂಗಿಯಾಗಿ ಹೊರಟು 31 ದಿನಗಳಲ್ಲಿ ಅಡಿಲೇಡ್ ನಗರವನ್ನು ಸೇರಿದನು. ಎರಡು ಸಾವಿರ ಕಿಲೋಮೀಟರಿಗೂ ಮೀರಿದ ಆ ದಾರಿಯಲ್ಲಿ ನಲ್ಲರ್‌ಬೋರ್ ಎಂಬ ಸುಣ್ಣಕಲ್ಲಿನ ಬಯಲಿದೆ. ಮರವಿಲ್ಲದ್ದು ಎಂದೇ ಆ ಹೆಸರಿನ ಅರ್ಥ. ಅಲ್ಲಿ ಬಿದ್ದ ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ರಿಚರ್ಡ್‌ಸನ್ನನ ಬಳಿ ಇದ್ದುದು ಒಂದು ಸಣ್ಣ ಗಂಟು ಮತ್ತು ಒಂದು ನೀರಿನ ಚೀಲ. ಅವನಿಗೆ ದಾರಿ ತೋರಿಸಿದ್ದು 1877ರಲ್ಲಿ ಪೂರ್ಣಗೊಂಡಿದ್ದ ತಂತಿಯ ಮಾರ್ಗ. ಸಾಲುಸಾಲಾಗಿ ನಿಂತ ಕಂಬಗಳನ್ನು ಅನುಸರಿಸಿದವನಿಗೆ ದಿಕ್ಕು ತಪ್ಪುವ ಭಯವಿರಲಿಲ್ಲ. ನಡುನಡುವೆ ತಂತಿಯ ಕಚೇರಿಗಳೂ ಇದ್ದವು. ಮರುವರ್ಷ, ಎಂದರೆ 1897ರಲ್ಲಿ, ಜೆರೋಮ್ ಮ್ಯೂರಿಫ್ ಎಂಬಾತನು ಹಗುರವಾದ ಪೈಜಾಮವನ್ನು ತೊಟ್ಟು, ಇನ್ನೊಂದು ತಂತಿಯ ಮಾರ್ಗದ ಜಾಡಿನಲ್ಲಿ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ಸೈಕಲ್ಲಿನ ಮೇಲೆ ದಾಟಿದನು. ರಿಚರ್ಡ್‌ಸನ್ ಅಷ್ಟಕ್ಕೇ ತೃಪ್ತನಾಗಲಿಲ್ಲ. 1899ರ ಜೂನ್ ತಿಂಗಳಿನಲ್ಲಿ ಪರ್ತ್ ನಗರದಿಂದ ಹೊರಟು, ಇಡೀ ಆಸ್ಟ್ರೇಲಿಯವನ್ನು ಒಬ್ಬನೇ ಸುತ್ತಿ, 1900ರ ಫೆಬ್ರವರಿಯಲ್ಲಿ ಅಲ್ಲಿಗೇ ಹಿಂದಿರುಗಿದನು. ಅವನು ಕ್ರಮಿಸಿದ ದೂರ 18,500 ಕಿಲೋಮೀಟರ್. ಸೈಕಲ್ಲಿನ ಮೇಲೆ ಆ ಖಂಡವನ್ನು ಸುತ್ತಿದವರಲ್ಲಿ ಅವನೇ ಮೊದಲಿಗನು.

ಕಾಲ ಬದಲಾಯಿತು. 1903ರಲ್ಲಿ 500 ಕಿಲೋಮೀಟರಿಗೂ ಉದ್ದವಾದ ಕೊಳವೆಯ ಮೂಲಕ ಚಿನ್ನದ ನಾಡಿಗೆ ಸಿಹಿನೀರು ಬಂದಿತು. ಮೋಟಾರು ವಾಹನಗಳು ಬಂದವು. ನಲ್ಲರ್‌ಬೋರಿನ ಹೆದ್ದಾರಿಗೆ 1976ರ ಹೊತ್ತಿಗೆ ಪೂರ್ತಿಯಾಗಿ ಡಾಂಬರು ಬಿದ್ದಿತು. ಆದರೂ ಒಳನಾಡಿನಲ್ಲಿ ಮಣ್ಣುಹಾದಿಗಳು ಇಂದಿಗೂ ಸಾವಿರಾರು ಕಿಲೋಮೀಟರ್ ಹರಡಿವೆ. ಅಗಲವಾದ ಟೈರುಗಳ ಸೈಕಲ್ಲುಗಳನ್ನೇರಿ ಅವುಗಳ ಮೇಲೆ ಏಕಾಂಗಿಯಾಗಿ ಹೋಗುವವರು ಈಗಲೂ ಇದ್ದಾರೆ. ಅಪಾಯ ಒದಗಿದರೆ ಉಪಗ್ರಹದ ಮೂಲಕ ಕರೆ ಕಳುಹಿಸುವ ಪುಟ್ಟ ಯಂತ್ರ ಅವರ ಬಳಿ ಇರುತ್ತದೆ. ಆದರೆ ಮರುಭೂಮಿಯ ನಿಯಮಗಳು ಬದಲಾಗಿಲ್ಲ. ಹೊರಡುವ ಮುನ್ನ ಹೋಗುವ ದಾರಿಯನ್ನೂ ಸೇರುವ ಹೊತ್ತನ್ನೂ ಒಬ್ಬರಿಗಾದರೂ ತಿಳಿಸಬೇಕು. ಬೇಕೆಂದು ತೋರಿದ್ದಕ್ಕಿಂತ ಹೆಚ್ಚು ನೀರನ್ನು ಒಯ್ಯಬೇಕು. ಕೆಟ್ಟುನಿಂತಾಗ ಹಾದಿಯನ್ನು ಬಿಟ್ಟು ಅಲೆಯಬಾರದು. ಲೆಕ್ಕ ತಪ್ಪಿದೆಯೆಂದು ಅರಿವಾದೊಡನೆ ಹಿಂದಿರುಗುವ ಧೈರ್ಯವಿರಬೇಕು. ಮುನ್ನುಗ್ಗುವುದಕ್ಕೆ ಬೇಕಾಗುವಷ್ಟೇ ಧೈರ್ಯ ಹಿಂದಿರುಗುವುದಕ್ಕೂ ಬೇಕು.

ಒಂಟಿ ಸವಾರನು ಯಾವುದನ್ನು ನೆಚ್ಚುತ್ತಾನೆಂಬ ಪ್ರಶ್ನೆಗೆ ಈಗ ಉತ್ತರ ಸ್ಪಷ್ಟವಾಗುತ್ತದೆ. ಅವನ ತೋಳ್ಬಲ ದೊಡ್ಡದು; ಅವನ ವಿವೇಕ ಅದಕ್ಕಿಂತ ದೊಡ್ಡದು. ಆದರೆ ಅವನು ತುಳಿದ ಹಾದಿಯನ್ನು ಸಮಮಾಡಿದವರು ಒಂಟೆಗಳನ್ನು ನಡೆಸಿದ ಬಡ ಪರದೇಶಿಗಳು. ಅವನಿಗೆ ದಿಕ್ಕು ತೋರಿದವರು ಬಿಸಿಲಿನಲ್ಲಿ ಕಂಬ ನೆಟ್ಟ ಕೂಲಿಕಾರರು. ಅವನ ಪ್ರಾಣ ಉಳಿಸಿದ ನೀರನ್ನು ಕಾದಿಟ್ಟವರು ಆ ನೆಲದ ಮೂಲನಿವಾಸಿಗಳು. ಕಣ್ಣಿಗೆ ಕಾಣುವವನು ಒಬ್ಬನೇ ಆದರೂ ಅವನ ಜೊತೆಯಲ್ಲಿ ಕಾಣದ ಸಹಸ್ರಾರು ಜನರು ಸಾಗುತ್ತಿರುತ್ತಾರೆ. ಅವರ ಋಣವನ್ನು ತೀರಿಸುವ ಬಗೆ ಹೇಗೆ? ಬಂಡೆಯ ಕುಳಿಯಿಂದ ನೀರು ತುಂಬಿಕೊಂಡ ಸವಾರನು ಹೊರಡುವ ಮುನ್ನ ಕಲ್ಲನ್ನು ಮತ್ತೆ ಅದರ ಬಾಯಿಗೆ ಮುಚ್ಚಬೇಕು. ಮುಂದೆ ಬರುವವನು ಯಾರೋ ಅವನಿಗೆ ತಿಳಿಯದು. ಆದರೆ ಬರುವವನಿಗೂ ಬಾಯಾರಿಕೆಯಿರುತ್ತದೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿದೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಕೂಲ್ಗಾರ್ಡಿಯಲ್ಲಿ ಚಿನ್ನ ದೊರೆತ ವರ್ಷ ಯಾವುದು?
2. ನಲ್ಲರ್‌ಬೋರ್ ಎಂಬ ಹೆಸರಿನ ಅರ್ಥವೇನು?
3. ಬಟ್ಟೆಯ ಚೀಲದಲ್ಲಿ ನೀರು ತಂಪಾಗಿರಲು ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಮರುಭೂಮಿಯಲ್ಲಿ ಕುದುರೆ, ಒಂಟೆ, ಸೈಕಲ್ಲುಗಳ ಗುಣದೋಷಗಳನ್ನು ಹೋಲಿಸಿರಿ.
2. ಬಿಸಿಲ್ಗುದುರೆ ಹೇಗೆ ಉಂಟಾಗುತ್ತದೆ?
3. ‘ಒಂಟಿ ಸವಾರನು ನಿಜವಾಗಿ ಒಂಟಿಯಲ್ಲ.’ ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಇ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಈ ಕೊರತೆಯನ್ನು ಶೌರ್ಯ ತುಂಬಿಕೊಡಲಾರದು.”
2. “ಚಿನ್ನದ ನಾಡಿಗೆ ಅನ್ನನೀರು ತಂದವರಿಗೆ ಚಿನ್ನದಲ್ಲಿ ಪಾಲಿರಲಿಲ್ಲ.”

ಈ) ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಮರಳುಗಾಡು, ಬೇರೊಂದು, ದಕ್ಷಿಣಾರ್ಧ.